ದಾನಚಿಂತಾಮಣಿ ಅತ್ತಿಮಬ್ಬೆ

ಕನ್ನಡ ನಾಡಿನ ಶ್ರಾವಿಕೆಯರಲ್ಲಿ ಅಗ್ರಗಣ್ಯಳಾದ ಅತ್ತಿಮಬ್ಬೆಯ ನಾಮಧೇಯವನ್ನರಿಯದ ಜೈನ ಮನೆತನ ವಿರಳ. ಆಕೆಯ ದಾನವನ್ನು ಸರ್ವರೂ ಕೊಂಡಾಡುವರು. ಆದರೆ ಸ್ತ್ರೀಯ ಕೈಗೆ ಒಪ್ಪಿಸಿದ ಧನವು ಎಲ್ಲೆಲ್ಲಿಗೆ ಹರಿದು ಏನೇನನ್ನು ಬೆಳೆಸಿತೆಂಬುದನ್ನು ವಿಚಾರಿಸುವವರು ಕಡಿಮೆ.

ಕ್ರಿ.ಶ. ಹತ್ತನೆಯ ಶತಮಾನದಲ್ಲಿ ಮಲ್ಲಪನೆಂಬ ದಂಡನಾಯಕನ ಮಗಳಾಗಿ ಅತ್ತಿಮಬ್ಬೆ ಜನಿಸಿದಳು. ಮಲ್ಲಪನೂ ಅವನ ಸಹೋದರ ಪುನ್ನಮಯ್ಯನೂ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದ ಧರ್ಮಿಷ್ಠರು. ಕಾವ್ಯ, ಶಾಸ್ತ್ರಗಳ ಗಾಳಿ ಬೀಸುತ್ತಿದ್ದ ಅಂತಹ ಮನೆಯಲ್ಲಿ ಬೆಳೆದುದೇ ಆಕೆಗೆ ತವರಿನವರಿತ್ತ ಮೊದಲನೆಯ ಬಂಡವಾಳ. ಚಾಲುಕ್ಯ ಚಕ್ರವರ್ತಿ ಎರಡನೆಯ ತೈಲಪನ ಮಂತ್ರಿಯಾಗಿದ್ದ ದಲ್ಲಪನ ಪುತ್ರ, ವೀರ ನಾಗದೇವನಿಗೆ ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ವಿವಾಹ ಮಾಡಿಕೊಡಲಾಯಿತು.

ನಾಗದೇವನು ಅಕಾಲದಲ್ಲಿ ಮಡಿದನು. ಗುಂಡಮಬ್ಬೆ ಪತಿಯೊಡನೆ ಸಹಗಮನ ಮಾಡಿದಳು. ಅತ್ತಿಮಬ್ಬೆಯಾದರೋ ಬದುಕುವ ಕಠಿಣ ಮಾರ್ಗವನ್ನು ಹಿಡಿದು, ಮಗ ಅಣ್ಣಿಗದೇವನನ್ನು ಬೆಳೆಸುತ್ತ, ವ್ರತನಿಯಮಗಳಲ್ಲಿ ದೇಹವನ್ನು ದಂಡಿಸುತ್ತ, ಕೈಯಲ್ಲಿದ್ದ ಸಂಪತ್ತನ್ನು ಸತ್ಕಾರ್ಯಕ್ಕೆ ತೊಡಗಿಸಿದಳು. ವಿಧವೆಯ ಧನವೆಂದು ಅದು ಪೆಟ್ಟಿಗೆಯಲ್ಲಿ ಕೊಳೆಯಲಿಲ್ಲ, ಬಂಧುಗಳ ಪಾಲಾಗಿ ಕರಗಲೂ ಇಲ್ಲ.

ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಆಕೆ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ತಾಳೆಗರಿಯ ಮೇಲೆ ಬರೆಯಿಸಿ ಹಂಚಿದಳು. ರತ್ನಖಚಿತವಾದ ೧೫೦೦ ಸುವರ್ಣ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಇದು ಶಾಸ್ತ್ರದಾನ, ಪುಣ್ಯಕಾರ್ಯ ಎಂಬುದು ದಿಟ. ಜೊತೆಗೆ, ಗರಿಯನ್ನು ಹದಮಾಡುವವರಿಗೆ, ಕಂಠದಿಂದ ಕೊರೆಯುವ ಲಿಪಿಕಾರರಿಗೆ, ಅಕ್ಕಸಾಲಿಗರಿಗೆ, ಶಿಲ್ಪಿಗಳಿಗೆ ಕೆಲಸವೂ ಕೂಲಿಯೂ ದೊರಕಿದುವೆಂಬುದನ್ನು ಮರೆಯಲಾಗದು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಆಕೆಯ ಆಶ್ರಯದಲ್ಲಿ ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದನು. ಆ ಕೃತಜ್ಞತೆಯಿಂದ ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವೂ ೧೦೦೭ರ ಶಾಸನವೂ ಸಾವಿರ ವರ್ಷಗಳನ್ನು ದಾಟಿ ಇಂದಿಗೂ ನಿಂತಿವೆ. ಕರ್ನಾಟಕ ಸರ್ಕಾರವು ಸಾಧಕ ಮಹಿಳೆಯರಿಗೆ ನೀಡುವ ಪ್ರಶಸ್ತಿಯೂ ಆಕೆಯ ಹೆಸರನ್ನೇ ಹೊತ್ತಿದೆ.

ಈ ಚರಿತ್ರೆಯನ್ನು ಚಳ್ಳಕೆರೆ, ಮೊಳಕಾಲ್ಮೂರುಗಳ ಶ್ರಾವಕರು ತಮ್ಮ ಸುತ್ತಲಿನ ಬದುಕಿನೊಡನೆ ಹೋಲಿಸಿ ನೋಡುವುದು ಉಚಿತ. ಮೊಳಕಾಲ್ಮೂರಿನ ರೇಷ್ಮೆ ಸೀರೆಯು ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು. ಆ ಸೀರೆಯ ನೂಲು ಸುತ್ತುವ, ಕಂಡಿಕೆ ತುಂಬುವ ಕೈಗಳು ಬಹುಪಾಲು ಹೆಂಗಸರವು. ಚಳ್ಳಕೆರೆ ಸೀಮೆಯ ಕಂಬಳಿಗೆ ಉಣ್ಣೆ ನೂಲುವವರೂ ಅವರೇ. ಆದರೂ ಮಗ್ಗ, ಸರಕು, ಲೆಕ್ಕದ ಪುಸ್ತಕಗಳು ಅವರ ಹೆಸರಿನಲ್ಲಿರುವುದು ಅಪರೂಪ.

ವರ್ತಕರ ಮನೆಗಳೂ ಇದಕ್ಕೆ ಹೊರತಲ್ಲ. ಅಂಗಡಿಯ ಲೈಸೆನ್ಸು ಗೃಹಿಣಿಯ ಹೆಸರಿನಲ್ಲಿದ್ದರೂ ಚೆಕ್ಕಿನ ಪುಸ್ತಕ ಗಂಡನ ಮೇಜಿನೊಳಗಿರುತ್ತದೆ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯಿದೆಗೆ ೨೦೦೫ರಲ್ಲಿ ತಂದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿತು. ಆದರೆ ಸೀರೆ ಕುಪ್ಪಸ ಕೊಟ್ಟು, ಉಡಿ ತುಂಬಿ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಅಳಿದಿಲ್ಲ. ಅಪರಿಗ್ರಹವನ್ನು ಬೋಧಿಸುವ ಧರ್ಮದಲ್ಲಿ ಸಹೋದರಿಯ ಪಾಲನ್ನು ತನ್ನಲ್ಲಿಟ್ಟುಕೊಳ್ಳುವುದು ಪರಿಗ್ರಹವಲ್ಲದೆ ಮತ್ತೇನು?

ತನ್ನದೆಂಬುದೇನೂ ಇಲ್ಲದವಳು ದಾನಿಯಾಗುವುದೆಂತು? ಅತ್ತಿಮಬ್ಬೆಯ ಕೈಯಲ್ಲಿ ಧನವೂ ಅದನ್ನು ವಿನಿಯೋಗಿಸುವ ಸ್ವಾತಂತ್ರ್ಯವೂ ಇದ್ದುದರಿಂದಲೇ ಆಕೆ ದಾನಚಿಂತಾಮಣಿಯಾದಳು. ಮಗಳ ವಿದ್ಯೆಗೆ, ಸೊಸೆಯ ಉದ್ಯಮಕ್ಕೆ, ನೇಯುವ ಹೆಂಗಸಿನ ಸ್ವಂತ ಮಗ್ಗಕ್ಕೆ ಹೂಡಿದ ಹಣ ನಷ್ಟದ ಖಾತೆಗೆ ಸೇರುವಂತಹುದಲ್ಲ. ಪ್ರತಿಷ್ಠಾ ಮಹೋತ್ಸವದ ಕಳಶದ ಸವಾಲನ್ನು ಶ್ರಾವಿಕೆಯೊಬ್ಬಳು ತನ್ನ ಸ್ವಂತ ದುಡಿಮೆಯ ಬಲದಿಂದ ಕೂಗುವಂತಾದ ದಿನ ಆ ಮಹಾತಾಯಿಯ ಸ್ಮರಣೆ ಸಾರ್ಥಕವಾದೀತು.