ಉಮಾಬಾಯಿ ಕುಂದಾಪುರ

ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಹೂವಿನಿಂದ ಅಲಂಕರಿಸಿ ಪೂಜಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಆ ಸಂದರ್ಭದಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಈಗ ಹೆಣ್ಣುಮಕ್ಕಳೂ ಗುರಿಯಿಟ್ಟು ನಿಲ್ಲುತ್ತಾರೆ. ಆದರೆ ನೂರು ವರ್ಷಗಳ ಹಿಂದೆ ಕನ್ನಡನಾಡಿನ ಬಹುಪಾಲು ಊರುಗಳಲ್ಲಿ ಸ್ತ್ರೀಯರು ಬಯಲಿನಲ್ಲಿ ಸಾಲುಗಟ್ಟಿ ನಿಂತು ಕವಾಯತು ಮಾಡುವುದೆಂದರೆ ಕಂಡು ಕೇಳರಿಯದ ಸಂಗತಿಯಾಗಿತ್ತು. ಅಂಥ ಕಾಲದಲ್ಲಿ ಮಹಿಳೆಯರ ಸ್ವಯಂಸೇವಕ ಪಡೆಯೊಂದನ್ನು ಕಟ್ಟಿದವರು ಉಮಾಬಾಯಿ ಕುಂದಾಪುರ.

ಇವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತಂದೆ ಗೋಳಿಕೇರಿ ಕೃಷ್ಣರಾಯರು. ತವರಿನಲ್ಲಿ ಇಟ್ಟ ಹೆಸರು ಭವಾನಿ. ಹದಿಮೂರರ ಹರೆಯದಲ್ಲೇ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಯಿತು. ಮಾವ ಆನಂದರಾಯರು ಉದಾರ ಮನಸ್ಸಿನವರು. ಸೊಸೆಯನ್ನು ಮುಂಬಯಿಯಲ್ಲಿ ಓದಿಸಿದರು. 1920ರಲ್ಲಿ ಲೋಕಮಾನ್ಯ ತಿಲಕರು ನಿಧನರಾದಾಗ ಅಲ್ಲಿ ಹೊರಟ ಅಂತಿಮಯಾತ್ರೆ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಪತಿ ಕ್ಷಯರೋಗಕ್ಕೆ ಬಲಿಯಾದರು. ಎಳೆಯ ವಿಧವೆಗೆ ಆಗಿನ ಸಮಾಜ ಒಂದು ಮೂಲೆಯನ್ನಷ್ಟೇ ಬಿಟ್ಟಿತ್ತು. ಮಾವನವರು ಸೊಸೆಯನ್ನು ಆ ಮೂಲೆಗೆ ಕಳುಹಿಸದೆ ಹುಬ್ಬಳ್ಳಿಗೆ ಕರೆತಂದರು. ಅವರು ಅಲ್ಲಿ ಕರ್ನಾಟಕ ಮುದ್ರಣಾಲಯವನ್ನು ನಡೆಸಿದರು. ಸೊಸೆ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು.

ಹುಬ್ಬಳ್ಳಿಯವರೇ ಆದ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದರು. ಅದರ ಮಹಿಳಾ ವಿಭಾಗ ಉಮಾಬಾಯಿಯವರ ಪಾಲಿಗೆ ಬಂದಿತು. ಭಗಿನಿ ಮಂಡಲವೆಂಬ ಸಂಘವನ್ನೂ ಅವರು ಕಟ್ಟಿದರು. ಶಿಸ್ತು, ಕವಾಯತು, ಶಿಬಿರ ಜೀವನ ಇವೆಲ್ಲವೂ ದಳದ ಶಿಕ್ಷಣದ ಅಂಗಗಳು. ಇವನ್ನು ಗಂಡಸರಿಗೆ ಕಲಿಸುವುದು ಸುಲಭ. ಅಂಗಳ ದಾಟಲೂ ಅಪ್ಪಣೆ ಬೇಡಬೇಕಾಗಿದ್ದ ಹೆಂಗಸರನ್ನು ಮೈದಾನಕ್ಕೆ ಕರೆತರುವುದು ಎಷ್ಟು ಕಷ್ಟವೆಂಬುದನ್ನು ನೀವೇ ಊಹಿಸಿಕೊಳ್ಳಿ. ಉಮಾಬಾಯಿಯವರು ಊರೂರು ಸುತ್ತಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನೆರೆಯುವ ವೇಳೆಗೆ 150ಕ್ಕೂ ಮಿಕ್ಕಿದ ಸ್ವಯಂಸೇವಕಿಯರು ಸಿದ್ಧರಾಗಿದ್ದರು. ಅವರಲ್ಲಿ ವಿಧವೆಯರೂ ಇದ್ದರು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಮನೆಯವರೇ ದೂರವಿಟ್ಟಿದ್ದ ಹೆಣ್ಣುಮಕ್ಕಳು ಸಾವಿರಾರು ಜನರ ನಡುವೆ ತಲೆಯೆತ್ತಿ ನಿಂತು ಕೆಲಸ ಮಾಡಿದರು. ನನ್ನ ದೃಷ್ಟಿಯಲ್ಲಿ ಆ ಅಧಿವೇಶನದ ನಿರ್ಣಯಗಳಿಗಿಂತ ಇದೇನೂ ಸಣ್ಣ ಸಂಗತಿಯಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಬಂದಿತು. 1932ರಲ್ಲಿ ಸರಕಾರ ಅವರನ್ನು ಬಂಧಿಸಿ ನಾಲ್ಕು ತಿಂಗಳು ಯೆರವಡಾ ಸೆರೆಮನೆಯಲ್ಲಿಟ್ಟಿತು. ಅವರು ಸೆರೆಯಲ್ಲಿರುವಾಗಲೇ, ತಂದೆಗಿಂತ ಹೆಚ್ಚಾಗಿದ್ದ ಮಾವ ಕಣ್ಮುಚ್ಚಿದರು. ಬಿಡುಗಡೆಯಾಗಿ ಬಂದು ನೋಡಿದರೆ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಮುದ್ರೆ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರವೆಂದು ಘೋಷಿತವಾಗಿತ್ತು. ಆದರೂ ಸೆರೆಯಿಂದ ಬಿಡುಗಡೆಯಾಗಿ, ಊರು ಸೇರಲು ಕೈಯಲ್ಲಿ ಕಾಸಿಲ್ಲದೆ ಬಂದ ಮಹಿಳೆಯರಿಗೆ ಅವರ ಪುಟ್ಟ ಮನೆಯೇ ಆಸರೆಯಾಯಿತು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಸ್ವಯಂಸೇವಕರೊಡನೆ ಅಲ್ಲಿಗೂ ಧಾವಿಸಿದರು. 1942ರ ಚಳವಳಿಯಲ್ಲಿ ಭೂಗತರಾಗಿದ್ದ ಹೋರಾಟಗಾರರಿಗೆ ಅನ್ನವಿಕ್ಕಿದರು.

1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಅವರಿಗೆ ವಹಿಸಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ಅಣಿಗೊಳಿಸುವ ಕೆಲಸ ಹೀಗೆ ಮತ್ತೆ ಅವರ ಪಾಲಿಗೆ ಬಂದಿತು. ಸ್ವಾತಂತ್ರ್ಯ ಬಂದ ಮೇಲೆ ಹೋರಾಟಗಾರರಿಗೆ ಸಲ್ಲುತ್ತಿದ್ದ ಪಿಂಚಣಿಯನ್ನಾಗಲಿ ತಾಮ್ರಪತ್ರವನ್ನಾಗಲಿ ಅವರು ಸ್ವೀಕರಿಸಲಿಲ್ಲ. ಹುಬ್ಬಳ್ಳಿಯಲ್ಲಿ ‘ಆನಂದ ಸ್ಮೃತಿ’ ಎಂಬ ಚಿಕ್ಕ ಮನೆಯಲ್ಲಿ ಬಾಳಿ, 1992ರಲ್ಲಿ ತೀರಿಕೊಂಡರು. ಆ ಮನೆಯ ಹೆಸರಿನಲ್ಲಿ ಉಳಿದದ್ದು ಅವರ ಮಾವನ ನೆನಪು.