ಎಂ.ಎ. ಮುಗಿಸಿ ಮೂಡಿಗೆರೆ ತೋಟಕ್ಕೆ ಬಂದ ತೇಜಸ್ವಿ

ಮೂಡಿಗೆರೆ: ಪಿಯುಸಿ, ಡಿಗ್ರಿ ರಿಸಲ್ಟ್ ಬಂದ ಕೂಡಲೇ ನಮ್ಮ ಕಡೆ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ತೋಟ ನೋಡಿಕೊಳ್ಳೋದಾ, ಅಂಗಡಿಯಲ್ಲಿ ಕೂರೋದಾ, ಬೆಂಗಳೂರು ಬಸ್ ಹತ್ತೋದಾ? ಯಾವುದರಲ್ಲಿ ಆಸಕ್ತಿ ಅಂತ ಕೇಳಿದರೆ ಎಷ್ಟೋ ಮಕ್ಕಳಿಗೆ ಉತ್ತರವೇ ಗೊತ್ತಿರಲ್ಲ. ಅಂಥವರು ಒಮ್ಮೆ ಪೂರ್ಣಚಂದ್ರ ತೇಜಸ್ವಿಯವರ ಬದುಕು ನೋಡಬೇಕು.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು. ಮಗ ಮೈಸೂರಿನಲ್ಲೇ ಕನ್ನಡ ಎಂ.ಎ. ಮಾಡಿದರು. ಆಸಕ್ತಿಗಳಿಗೇನೂ ಬರವಿರಲಿಲ್ಲ. ಸಿತಾರ್, ಫೋಟೋಗ್ರಫಿ, ಚಿತ್ರಕಲೆ, ಕವಿತೆ, ಜೊತೆಗೆ ಲೋಹಿಯಾ ವಿಚಾರ. ಎಲ್ಲವೂ ಬೇಕು, ಆದರೆ ಯಾವುದೂ ಹೊಟ್ಟೆಪಾಡಿನ ದಾರಿಯಲ್ಲ. ಎಂ.ಎ. ಓದಿದವರಿಗೆ ಕಣ್ಣೆದುರು ಇದ್ದ ದಾರಿ ಮೇಷ್ಟರ ಕೆಲಸ. ತೇಜಸ್ವಿ ಅತ್ತ ಹೋಗಲಿಲ್ಲ. 1960ರ ದಶಕದಲ್ಲಿ ಮೂಡಿಗೆರೆ ತಾಲ್ಲೂಕಿಗೆ ಬಂದು ಕಾಫಿ ಕೃಷಿಗೆ ಇಳಿದರು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು. ಮೊದಲು ಭೂತನಕಾಡಿನ ‘ಚಿತ್ರಕೂಟ’, ಆಮೇಲೆ ಹ್ಯಾಂಡ್‌ಪೋಸ್ಟ್ ಹತ್ತಿರದ ‘ನಿರುತ್ತರ’ ಅವರ ಮನೆಯಾಯಿತು.

ಕಾಫಿ ಅವಸರದ ಬೆಳೆಯಲ್ಲ ಅನ್ನೋದು ಇಲ್ಲಿನವರಿಗೆ ಹೇಳಬೇಕಿಲ್ಲ. ಗಿಡ ನೆಟ್ಟು ಫಸಲು ಕಾಣೋಕೆ ಮೂರು ನಾಲ್ಕು ವರ್ಷ ಬೇಕು. ಹೂಮಳೆಗೆ ಕಾಯಬೇಕು, ಕೈಗೆ ದುಡ್ಡು ಬರೋದು ವರ್ಷಕ್ಕೊಮ್ಮೆ. ಆದರೆ ಆ ತೋಟವೇ ಅವರ ಚೆದುರಿದ ಆಸಕ್ತಿಗಳಿಗೆಲ್ಲ ಒಂದು ನೆಲೆ ಕೊಟ್ಟಿತು. ಕ್ಯಾಮೆರಾ ಹಕ್ಕಿಗಳ ಕಡೆ ತಿರುಗಿತು. ಮೀನು ಹಿಡಿಯುವ ಹುಚ್ಚು, ಕಾಡಿನ ಅಲೆದಾಟ, ಮಾರ, ಪ್ಯಾರ, ಕಿವಿ ನಾಯಿ ಎಲ್ಲ ‘ಪರಿಸರದ ಕತೆ’ಗೆ ಬಂದವು. ಸರ್ಕಾರಿ ಕಚೇರಿಗೆ ಅಲೆದು ಸೋಲುವ ಬಡ ನೌಕರನ ಪಾಡು ‘ತಬರನ ಕಥೆ’ಯಾಯಿತು. ಅದನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದಾಗ ರಾಷ್ಟ್ರಪ್ರಶಸ್ತಿ ಬಂತು.

ಇದೆಲ್ಲ ಬೇಗ ಆಗಿದ್ದಲ್ಲ. ‘ಅಬಚೂರಿನ ಪೋಸ್ಟಾಫೀಸು’ ಬಂದದ್ದು 1973ರಲ್ಲಿ, ‘ಕರ್ವಾಲೊ’ 1980ರಲ್ಲಿ. ಅಷ್ಟೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ‘ಚಿದಂಬರ ರಹಸ್ಯ’ಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು.

‘ಕರ್ವಾಲೊ’ದ ಮಂದಣ್ಣನನ್ನು ನೆನೆಸಿಕೊಳ್ಳಿ. ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಹುಡುಗ. ಆದರೆ ಕಾಡಿನ ಹುಳ ಹುಪ್ಪಟೆಗಳ ಬಗ್ಗೆ ಅವನಿಗಿದ್ದ ತಿಳಿವಳಿಕೆಯನ್ನು ಗುರುತಿಸಿ ಗೌರವ ಕೊಟ್ಟದ್ದು ವಿಜ್ಞಾನಿ ಕರ್ವಾಲೊ. ಮನೆಯಲ್ಲಿ ಅಂಥ ಮಗನೋ ಮಗಳೋ ಇದ್ದರೆ, ಬೈಯುವ ಮುಂಚೆ ಅವರು ದಿನವಿಡೀ ಏನು ಗಮನಿಸುತ್ತಾರೆ ಅಂತ ನೋಡಬಹುದು.

ತೇಜಸ್ವಿ ಕೊನೆಯವರೆಗೂ ಒಂದಕ್ಕೇ ಅಂಟಿಕೊಂಡವರಲ್ಲ. ಸಹಜ ಕೃಷಿ ಮಾಡಿ ನೋಡಿದರು, ಪುಸ್ತಕ ಪ್ರಕಾಶನ ನಡೆಸಿದರು, ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಬೇಕೆಂದು ಓಡಾಡಿದರು. ಆದರೆ ಇದೆಲ್ಲದರ ಕೆಳಗೆ ತೋಟದ ಕೆಲಸವಿತ್ತು. ಆಸಕ್ತಿ ಮೊದಲೇ ಖಚಿತವಾಗಲಿ ಅಂತ ಅವರು ಕಾಯುತ್ತ ಕೂರಲಿಲ್ಲ. ಒಂದು ಊರು, ಒಂದು ಕೆಲಸ ಹಿಡಿದರು. ಉಳಿದದ್ದು ಅಲ್ಲಿಂದ ಬೆಳೆಯಿತು.

2007ರ ಏಪ್ರಿಲ್ 5ರಂದು ಮೂಡಿಗೆರೆಯ ಮನೆಯಲ್ಲೇ ಅವರು ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ರಿಸಲ್ಟ್ ಕೈಯಲ್ಲಿ ಹಿಡಿದು ದಾರಿ ಕಾಣದೆ ಕೂತ ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ಬರಬಹುದು.