ಉಪ್ಪಿನಿಂದ ಸೀರೆಯವರೆಗೆ: ಮಂಗಳೂರಿನ ಕಮಲಾದೇವಿ

ಪ್ರತಿ ವರ್ಷ ಎಥ್ನಿಕ್ ಡೇ ಬಂದರೆ ನಮ್ಮ ಕ್ಯಾಂಪಸ್‌ನಲ್ಲಿ ಇಳಕಲ್ ಸೀರೆ, ಕಸೂತಿ ಕುರ್ತಾ, ಚನ್ನಪಟ್ಟಣದ ಮರದ ಓಲೆ ಎಲ್ಲ ಕಾಣಿಸ್ಕೊಳ್ತವೆ. ಫೋಟೋ ತೆಗೀತೀವಿ, ಸ್ಟೋರಿ ಹಾಕ್ತೀವಿ, ಮರುದಿನ ವಾಪಸ್ ಜೀನ್ಸ್. ಆದರೆ ಹಳ್ಳಿಯ ಮಗ್ಗದಲ್ಲಿ, ಮನೆಯ ಜಗಲಿಯಲ್ಲಿ ತಯಾರಾಗ್ತಿದ್ದ ಈ ವಸ್ತುಗಳು ಪೇಟೆಯ ಅಂಗಡಿಗೆ ಬಂದು 'ಸ್ಟೈಲ್' ಅನ್ನಿಸಿಕೊಂಡಿದ್ದು ತಾನಾಗೇ ಆಗಿದ್ದಲ್ಲ. ಅದರ ಹಿಂದೆ ತುಂಬಾ ಜನರ ದುಡಿಮೆ ಇದೆ. ಆ ಜನರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಹೆಸರು ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಅವರದ್ದು.

ಅವರು ಈಗಿನ ಅರ್ಥದಲ್ಲಿ ಫ್ಯಾಷನ್ ಡಿಸೈನರ್ ಆಗಿರಲಿಲ್ಲ. ಯಾವ ಬ್ರ್ಯಾಂಡಿಗೂ ಅವರ ಹೆಸರಿಲ್ಲ. ಆದರೂ ಉಡುಗೆ, ಅಡುಗೆ, ಮನೆಯ ಪಾತ್ರೆ ಪಡಗ ಇವೆಲ್ಲ ಗಂಭೀರವಾಗಿ ಯೋಚಿಸಬೇಕಾದ ವಿಷಯಗಳು ಅಂತ ನಂಬಿ, ಅದಕ್ಕಾಗಿ ದೇಶಮಟ್ಟದ ಸಂಸ್ಥೆಗಳನ್ನೇ ಕಟ್ಟಿದರು. ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಇವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತೆ. ಉಳಿದ ಕಥೆ ನಮಗೆ ಯಾರೂ ಹೇಳಲ್ಲ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರ್ಕಾರಿ ಅಧಿಕಾರಿ, ತಾಯಿ ಗಿರಿಜಾಬಾಯಿ ಓದಿಕೊಂಡವರು. ಮನೆಗೆ ದೊಡ್ಡ ದೊಡ್ಡವರು ಬರ್ತಿದ್ದ ಕಾಲ ಅದು. ಆದರೆ ಕಮಲಾದೇವಿ ಏಳು ವರ್ಷದವರಿದ್ದಾಗ ತಂದೆ ವಿಲ್ ಬರೆಯದೇ ತೀರಿಕೊಂಡರು. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯ್ತು. ಇಡೀ ಮನೆಯನ್ನ ನಡೆಸಿದ್ದ ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳ ಜೀವನಾಂಶ ಅಷ್ಟೇ. ಅವರು ಅದನ್ನೂ ಬೇಡ ಅಂದು, ತವರಿನಿಂದ ತಂದಿದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು.

ಈ ಘಟನೆಯನ್ನ ನಾವು ಸುಮ್ಮನೆ ದಾಟಿ ಹೋಗಬಾರದು. ಹೆಣ್ಣು ಮನೆಯಲ್ಲಿ ಎಷ್ಟೇ ದುಡಿದರೂ ಅದಕ್ಕೆ ಲೆಕ್ಕ ಇಲ್ಲ, ಹಕ್ಕಿಲ್ಲ ಅನ್ನೋದನ್ನ ಕಮಲಾದೇವಿ ಏಳನೇ ವಯಸ್ಸಿಗೇ ಕಣ್ಣಾರೆ ಕಂಡಿದ್ದರು. ಕೈಕೆಲಸಕ್ಕೆ ಬೆಲೆ ಸಿಗಬೇಕು ಅಂತ ಅವರು ಮುಂದೆ ಜೀವನವಿಡೀ ಓಡಾಡಿದ್ದರ ಬೇರು ಬಹುಶಃ ಇಲ್ಲೇ ಇದೆ ಅಂತ ನಮಗನ್ನಿಸುತ್ತೆ.

ಹದಿನಾಲ್ಕಕ್ಕೆ ಮದುವೆ, ಹದಿನಾರಕ್ಕೆ ವಿಧವೆ. ಆಗಿನ ಕಾಲದಲ್ಲಿ ಅಲ್ಲಿಗೆ ಒಬ್ಬ ಹುಡುಗಿಯ ಕಥೆ ಮುಗೀತು ಅಂತಲೇ ಅರ್ಥ. ಬಣ್ಣದ ಸೀರೆ ಇಲ್ಲ, ಹೂವಿಲ್ಲ, ಹಬ್ಬದೂಟದ ಪಂಕ್ತಿಯಲ್ಲಿ ಜಾಗ ಇಲ್ಲ. ಆದರೆ ಕಮಲಾದೇವಿ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದೋಕೆ ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯೂ ಆಯ್ತು. ವಿಧವೆ ಮತ್ತೆ ಮದುವೆಯಾಗೋದು, ಅದೂ ಬೇರೆ ಭಾಷೆ, ಬೇರೆ ಜಾತಿಯವರನ್ನ! ಆ ಕಾಲಕ್ಕೆ ಅದೊಂದು ಭೂಕಂಪ. ಮುಂದೆ ಆ ದಾಂಪತ್ಯ ಸರಿಹೋಗದಿದ್ದಾಗ ವಿಚ್ಛೇದನವನ್ನೂ ಪಡೆದರು.

ಗಂಡ ಹೆಂಡತಿ ಇಬ್ಬರಿಗೂ ನಾಟಕದ ಹುಚ್ಚು. ಒಳ್ಳೆ ಮನೆತನದ ಹೆಣ್ಣುಮಕ್ಕಳು ರಂಗ ಹತ್ತಬಾರದು ಅನ್ನೋ ಕಾಲದಲ್ಲಿ ಕಮಲಾದೇವಿ ರಂಗದ ಮೇಲೆ ಬಂದರು. ಮೋಹನ್ ಭವನಾನಿ ನಿರ್ದೇಶಿಸಿದ, ಶೂದ್ರಕನ ನಾಟಕವನ್ನು ಆಧರಿಸಿದ 1931ರ 'ವಸಂತಸೇನಾ' ಅನ್ನೋ ಮೂಕಿ ಚಿತ್ರದಲ್ಲೂ ನಟಿಸಿದರು. ನಮ್ಮ ಟಿ. ಪಿ. ಕೈಲಾಸಂ ಕೂಡ ಅದರಲ್ಲಿದ್ದರು.

ಅವರ ಉಡುಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಂಗ್ರೆಸ್ ಚಳವಳಿಯಲ್ಲಿ ಬಿಳಿ ಖಾದಿಯೇ ಯೂನಿಫಾರ್ಮ್ ತರ ಇದ್ದ ಕಾಲದಲ್ಲಿ ಕಮಲಾದೇವಿ ಗಾಢ ಬಣ್ಣದ ಕೈಮಗ್ಗದ ಸೀರೆ ಉಡ್ತಿದ್ದರು, ದಪ್ಪ ದಪ್ಪ ಆಭರಣ ತೊಡ್ತಿದ್ದರು, ತಲೆಗೆ ಹೂ ಮುಡೀತಿದ್ದರು. ಹಳೆಯ ಫೋಟೋ ನೋಡಿದರೆ ಈಗಿನ ಡಿಸೈನರ್‌ಗಳ ಮೂಡ್‌ಬೋರ್ಡ್‌ನಿಂದ ಎದ್ದು ಬಂದ ಹಾಗೆ ಕಾಣ್ತಾರೆ. ಹದಿನಾರಕ್ಕೆ ಯಾರಿಂದ ಬಣ್ಣವನ್ನೇ ಕಿತ್ಕೊಳ್ಳಲಾಗಿತ್ತೋ ಅವರು ಹಾಗೆ ಉಟ್ಟು ಓಡಾಡಿದ್ದು ಬರೀ ಅಲಂಕಾರ ಅಲ್ಲ. ಸ್ಟೈಲ್ ಅಂದರೆ ನಾನು ಯಾರು ಅಂತ ನಾನೇ ಹೇಳೋದು. ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಗೊತ್ತಿಲ್ಲ.

1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ, ಸೋತಿದ್ದು ಕೆಲವೇ ಮತಗಳಿಂದ. ಮರುವರ್ಷ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಇದೇ ಸಂಸ್ಥೆ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜನ್ನು ಶುರು ಮಾಡಿತು. ಅಲ್ಲಿ ಗೃಹವಿಜ್ಞಾನ ಪಾಠ. ಹೋಂ ಸೈನ್ಸ್ ಅಂದರೆ ನಮ್ಮಲ್ಲಿ ಎಷ್ಟೋ ಜನ ನಗ್ತಾರೆ. ಆದರೆ ಯೋಚನೆ ಮಾಡಿ. ಊಟದಲ್ಲಿ ಯಾವ ಪೋಷಕಾಂಶ ಎಷ್ಟಿರಬೇಕು, ಬಟ್ಟೆಯ ನಾರಿನ ಗುಣ ಏನು, ಕಡಿಮೆ ದುಡ್ಡಲ್ಲಿ ಮನೆ ಹೇಗೆ ನಡೆಸೋದು, ಇದೆಲ್ಲ ಕೆಮಿಸ್ಟ್ರಿ, ಮೆಟೀರಿಯಲ್ ಸೈನ್ಸ್, ಮ್ಯಾನೇಜ್‌ಮೆಂಟ್ ಅಲ್ವಾ? ಅಮ್ಮ ಮಾಡಿದರೆ ಅಡುಗೆ, ಹೋಟೆಲಲ್ಲಿ ಮಾಡಿದರೆ ಶೆಫ್, ಲ್ಯಾಬಲ್ಲಿ ಮಾಡಿದರೆ ಫುಡ್ ಟೆಕ್ನಾಲಜಿ. ಕೆಲಸ ಒಂದೇ, ಮರ್ಯಾದೆ ಮಾತ್ರ ಬೇರೆ ಬೇರೆ.

ಅಡುಗೆಮನೆಗೂ ದೇಶದ ರಾಜಕೀಯಕ್ಕೂ ನೇರ ಸಂಬಂಧ ಇದೆ ಅಂತ ತೋರಿಸಿದ್ದು 1930ರ ಉಪ್ಪಿನ ಸತ್ಯಾಗ್ರಹ. ದಂಡಿ ಯಾತ್ರೆಗೆ ಗಾಂಧೀಜಿ ಹೆಂಗಸರನ್ನು ಕರೆದುಕೊಳ್ಳಲಿಲ್ಲ. ಹೆಂಗಸರಿಗೂ ಅವಕಾಶ ಕೊಡಿ ಅಂತ ಅವರ ಹತ್ತಿರ ಹೋಗಿ ಒತ್ತಾಯ ಮಾಡಿದವರಲ್ಲಿ ಕಮಲಾದೇವಿ ಮುಖ್ಯರು. ಬೊಂಬಾಯಿಯಲ್ಲಿ ಹೆಂಗಸರು ಮನೆಯ ಪಾತ್ರೆ ಹಿಡಿದು ಸಮುದ್ರದ ದಡಕ್ಕೆ ಬಂದರು, ನೀರು ತುಂಬಿದರು, ಒಲೆ ಹೂಡಿ ಕುದಿಸಿ ಉಪ್ಪು ತೆಗೆದರು. ಕಮಲಾದೇವಿ ಆ ಉಪ್ಪಿನ ಪೊಟ್ಟಣ ಹಿಡಿದು ಬೊಂಬಾಯಿ ಸ್ಟಾಕ್ ಎಕ್ಸ್‌ಚೇಂಜ್ ಒಳಗೇ ಮಾರೋಕೆ ಹೋದರು! ಷೇರು ಮಾರೋ ಜಾಗದಲ್ಲಿ ಉಪ್ಪು ಮಾರಿ ಜೈಲಿಗೂ ಹೋದರು. ನಿತ್ಯ ಸಾರಿಗೆ ಹಾಕೋ ಒಂದು ಚಿಟಿಕೆ ಉಪ್ಪು ಸಾಮ್ರಾಜ್ಯವನ್ನೇ ಅಲ್ಲಾಡಿಸಬಹುದು ಅಂತಾದರೆ, ಮನೆಯ ವಸ್ತು ಯಾವುದೂ ಸಣ್ಣದಲ್ಲ.

1947ರ ನಂತರ ಅವರ ಜೊತೆಯ ಎಷ್ಟೋ ಜನ ಮಂತ್ರಿಗಳಾದರು. ಕಮಲಾದೇವಿ ಹೋಗಿದ್ದು ನಿರಾಶ್ರಿತರ ಕ್ಯಾಂಪಿಗೆ. ದೇಶ ಒಡೆದು ಬಂದ ಜನರಿಗೆ ಬರೀ ಊಟ ಹಂಚಿದರೆ ಸಾಲದು, ಅವರ ಕೈಯಲ್ಲಿರುವ ವಿದ್ಯೆಗೆ ಕೆಲಸ ಬೇಕು ಅನ್ನೋದು ಅವರ ನಿಲುವು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ದೆಹಲಿ ಹತ್ತಿರದ ಫರೀದಾಬಾದ್‌ನಲ್ಲಿ ನಿರಾಶ್ರಿತರೇ ತಮ್ಮ ಊರನ್ನು ಕಟ್ಟಿಕೊಳ್ಳುವ ಕೆಲಸದಲ್ಲಿ ಜೊತೆ ನಿಂತರು. ನಷ್ಟದಲ್ಲಿದ್ದ ಸರ್ಕಾರಿ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ 1952ರಲ್ಲಿ ಈ ಯೂನಿಯನ್ ಕೈಗೆ ಬಂತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿಯೂ ಶುರುವಾಗಿ, ಕಮಲಾದೇವಿ ಅದರ ಅಧ್ಯಕ್ಷರಾದರು.

ಇಲ್ಲಿ ಅವರು ಮಾಡಿದ ಕೆಲಸವನ್ನ ನಾವು ಎಂಜಿನಿಯರ್‌ಗಳ ಭಾಷೆಯಲ್ಲಿ ಹೇಳಬಹುದು: ಇಡೀ ಸಪ್ಲೈ ಚೈನ್ ರಿಪೇರಿ. ನೇಕಾರನಿಗೆ ನೂಲು ದುಬಾರಿ, ಸಾಲ ಸಿಗಲ್ಲ, ಪೇಟೆಯವರಿಗೆ ಯಾವ ಬಣ್ಣ ಬೇಕು ಅಂತ ಗೊತ್ತಾಗಲ್ಲ, ಮಧ್ಯದವನು ಲಾಭ ತಿಂತಾನೆ. ಇದರಲ್ಲಿ ಒಂದನ್ನ ಮಾತ್ರ ಸರಿ ಮಾಡಿದರೆ ಪ್ರಯೋಜನ ಇಲ್ಲ. ಅದಕ್ಕೇ ಸಹಕಾರ ಸಂಘ, ತರಬೇತಿ ಕೇಂದ್ರ, ಮಾರಾಟ ಮಳಿಗೆ ಎಲ್ಲವನ್ನೂ ಒಟ್ಟಿಗೆ ನಡೆಸಿದರು. ಮಂಡಳಿ ತೆರೆದ ವಿನ್ಯಾಸ ಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಲ್ಲೇ ಇತ್ತು. ಶ್ರೀಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಕುಂಬಾರಿಕೆ ಇಂಥ ಸಾಯೋ ಸ್ಥಿತಿಯಲ್ಲಿದ್ದ ವಿದ್ಯೆಗಳನ್ನ ಗೊತ್ತಿದ್ದ ಕೆಲವೇ ಕೆಲವರನ್ನ ಹುಡುಕಿ, ಹೊಸಬರಿಗೆ ಕಲಿಸೋ ಏರ್ಪಾಟು ಆಯ್ತು.

ಕ್ರಿಯೇಟಿವಿಟಿ ಬಗ್ಗೆ ಅವರ ಯೋಚನೆ ಸರಳವಾಗಿತ್ತು. ಕಲೆ ಬೇರೆ, ಕಸುಬು ಬೇರೆ ಅಂತ ಅವರು ಒಪ್ಪಲಿಲ್ಲ. ದಿನಾ ಬಳಸೋ ವಸ್ತು ಚೆನ್ನಾಗಿರಬೇಕು, ಚೆನ್ನಾಗಿರೋ ವಸ್ತು ಬಳಕೆಗೆ ಬರಬೇಕು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಕಸುಬು ಉಳಿಯಲ್ಲ, ಮನೆಯಲ್ಲಿ ಬಳಸಿದರೆ ಉಳಿಯುತ್ತೆ.

ನಮ್ಮ ಇಳಕಲ್ ಸೀರೆಯನ್ನೇ ತಗೊಳ್ಳಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಹಾಸಿನ ಎಳೆಗಳನ್ನ ಕೊಂಡಿ ತರ ಒಂದಕ್ಕೊಂದು ಸಿಕ್ಕಿಸಿ ಜೋಡಿಸ್ತಾರೆ. ಧಾರವಾಡದ ಕಸೂತಿಯಲ್ಲಿ ಗವಂತಿ ಹೊಲಿಗೆಗೆ ಗಂಟೇ ಹಾಕಲ್ಲ, ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ. ದಾರ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು, ಅದೂ ಎಳೆ ಎಣಿಸ್ತಾ. ಪೇಪರ್ ಮೇಲೆ ಬರೆದುಕೊಳ್ಳದ ಅಲ್ಗಾರಿದಮ್ ಇದು! ಮಗ್ಗಕ್ಕೂ ಕಂಪ್ಯೂಟರಿಗೂ ನೆಂಟಸ್ತಿಕೆ ಹಳೇದು. ಫ್ರಾನ್ಸಿನ ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳೇ ಚಾರ್ಲ್ಸ್ ಬ್ಯಾಬೇಜ್‌ಗೆ ಐಡಿಯಾ ಕೊಟ್ಟಿದ್ದು ಅಂತ ಸಿಎಸ್ ಬ್ರಾಂಚಿನವರಿಗೆ ಗೊತ್ತೇ ಇದೆ.

ಇದಕ್ಕೆಲ್ಲ ಇಳಕಲ್‌ಗೋ ಧಾರವಾಡಕ್ಕೋ ಹೋಗಬೇಕಾಗಿಲ್ಲ. ಚನ್ನಗಿರಿ ತಾಲೂಕಿನ ಉಬ್ರಾಣಿ ಕಡೆ ಅಡಿಕೆ ತೋಟದ ನಡುವಿನ ಯಾವುದೇ ಹಳೇ ಮನೆಯ ಅಡುಗೆಮನೆಗೆ ಹೋಗಿ. ಬಿದಿರಿನ ಮೊರ, ರೊಟ್ಟಿ ಬುಟ್ಟಿ, ಒರಳುಕಲ್ಲು, ಮುದ್ದೆ ತಿರುವೋ ಕೋಲು ಸಿಗ್ತವೆ. ಮೊರದ ಹಿಂಭಾಗ ಎತ್ತರ, ಮುಂದೆ ಅಗಲ. ಕೇರಿದಾಗ ಕಾಳು ಒಳಗೆ ಉಳಿದು ಹೊಟ್ಟು ಹಾರಿಹೋಗ್ಬೇಕು, ಅದಕ್ಕೆ ಆ ಆಕಾರ. ಇದನ್ನ ಡಿಸೈನ್ ಮಾಡಿದವರ ಹೆಸರು ಎಲ್ಲೂ ಬರೆದಿಲ್ಲ, ಪೇಟೆಂಟೂ ಇಲ್ಲ. ಬಿದಿರು ಹೆಣೆಯೋ ಮೇದಾರರು, ಕೇರೋ ಹೆಂಗಸರು ತಲೆಮಾರುಗಟ್ಟಲೆ ತಿದ್ದಿ ತಿದ್ದಿ ಮಾಡಿದ್ದು. ನಾವು ಈಗ ಯೂಸರ್ ಫೀಡ್‌ಬ್ಯಾಕ್ ಅಂತ ಕರೆಯೋದು ಇದನ್ನೇ.

ಹಾಗಂತ ಮೆಷಿನ್ ಬೇಡ, ಮಿಕ್ಸಿ ಎಸೆದು ಒರಳಿಗೆ ಹೋಗೋಣ ಅಂತ ನಾವು ಹೇಳ್ತಿಲ್ಲ. ಒರಳಲ್ಲಿ ರುಬ್ಬಿ ರುಬ್ಬಿ ಬೆನ್ನು ನೋಯಿಸ್ಕೊಂಡಿದ್ದು ನಮ್ಮ ಅಜ್ಜಿಯರೇ. ಕೈಮಗ್ಗದ ಸೀರೆ ಪವರ್‌ಲೂಮ್ ಸೀರೆಗಿಂತ ದುಬಾರಿ ಅನ್ನೋದೂ ನಿಜ, ಹಾಸ್ಟೆಲ್ ಹುಡುಗರ ಜೇಬಿಗೆ ಅದು ಭಾರವೇ. ಆದರೆ ಪವರ್‌ಲೂಮ್‌ನಲ್ಲಿ ಹೊಡೆದ ನಕಲನ್ನ ಕೈಮಗ್ಗ ಅಂತ ಸುಳ್ಳು ಹೇಳಿ ಮಾರಿದಾಗ ನಷ್ಟ ಆಗೋದು ದಿನವಿಡೀ ಗುಣಿಯಲ್ಲಿ ಕಾಲಿಟ್ಟು ಕೂತು ನೇಯೋ ನೇಕಾರನಿಗೆ. ಅವನ ಮಕ್ಕಳು ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ತಪ್ಪು ಅವರದ್ದಲ್ಲ. ದುಡಿದ ಕೈಗೆ ಸರಿಯಾದ ಕೂಲಿ ಸಿಗದೇ ಇದ್ದರೆ ಪರಂಪರೆ ಅನ್ನೋ ಮಾತು ಹೊಟ್ಟೆ ತುಂಬಿಸಲ್ಲ. ಕಮಲಾದೇವಿ ಭಾಷಣಕ್ಕಿಂತ ಜಾಸ್ತಿ ಮಾರುಕಟ್ಟೆ ಬಗ್ಗೆ ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಬಂದವು. 1988ರ ಅಕ್ಟೋಬರ್ 29ರಂದು, 85ನೇ ವಯಸ್ಸಿನಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು. ದೆಹಲಿಯ ಜನಪಥದಲ್ಲಿ ಕಾಟೇಜ್ ಎಂಪೋರಿಯಂ ಈಗಲೂ ಇದೆ. ಇಂಡಸ್ಟ್ರಿಯಲ್ ವಿಸಿಟ್ ಅಂತ ದೆಹಲಿಗೆ ಹೋದರೆ ಒಮ್ಮೆ ಒಳಗೆ ಹೋಗಿ ಬನ್ನಿ, ಕೊಳ್ಳದಿದ್ದರೂ ಪರವಾಗಿಲ್ಲ.

ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಮಾಡಬಹುದು. ಮುಂದಿನ ಸಲ ಮನೆಗೆ ಹೋದಾಗ ಅಡುಗೆಮನೆಯ ಹಳೇ ವಸ್ತು ಒಂದನ್ನ ಕೈಗೆತ್ಕೊಂಡು, ಇದನ್ನ ಮಾಡಿದವರು ಯಾರು, ಅವರು ಈಗಲೂ ಮಾಡ್ತಿದ್ದಾರಾ, ಎಷ್ಟಕ್ಕೆ ಮಾರ್ತಾರೆ ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ಉತ್ತರ ಸಿಕ್ಕರೆ ನಮ್ಮ ಸಂಘಕ್ಕೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳನ್ನು ಹಾಕೋಣ.